ಮನೆಯ ಅಂದಕ್ಕೆ ಎಲ್ಲಿ ನೋಡಬೇಕು?

ಹೊಸ ಮನೆಗೆ ಹೋಗುವವರು ಈಗ ಮೊದಲು ಮಾಡುವ ಕೆಲಸವೆಂದರೆ ಫೋನಿನಲ್ಲಿ ಚಿತ್ರ ಕೂಡಿಡುವುದು. ರಾತ್ರಿ ಊಟ ಮುಗಿಸಿ ಗಂಡ ಹೆಂಡತಿ ಇಬ್ಬರೂ ಕೂತು ಒಂದೊಂದೇ ಚಿತ್ರ ಸರಿಸುತ್ತಾರೆ. ಬಿಳಿ ಗೋಡೆ, ಬೂದು ಸೋಫಾ, ಟಿವಿಯ ಹಿಂದೆ ಮರದ ಪಟ್ಟಿಗಳ ಸಾಲು, ಸೂರಿಗೆ ಜಿಪ್ಸಂ, ಅದರ ಅಂಚಿನಲ್ಲಿ ಅಡಗಿಸಿದ ಬೆಳಕು, ದೇವರ ಮೂಲೆಯಲ್ಲಿ ಮೆಷಿನ್ನು ಕೊರೆದ ಜಾಲಿ. ವರ್ತೂರಿನ ಅಪಾರ್ಟ್‌ಮೆಂಟಿಗೂ ಇದೇ, ಬೊಮ್ಮಸಂದ್ರದ ಬಾಡಿಗೆ ಮನೆಗೂ ಇದೇ, ಲಗ್ಗೆರೆಯಲ್ಲಿ 20x30 ಅಡಿ ಸೈಟಿನ ಮೇಲೆ ಎದ್ದ ಮೂರಂತಸ್ತಿನ ಮನೆಗೂ ಇದೇ. ಸಾಲ ಮಾಡಿ ಕೊಂಡ ಮನೆ ಕಣ್ಣಿಗೆ ಚೆನ್ನಾಗಿರಬೇಕು ಎಂಬ ಆಸೆ ನ್ಯಾಯವಾದದ್ದು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಆಫೀಸು, ಕಾರ್ಖಾನೆ, ಟ್ರಾಫಿಕ್ಕಿನಲ್ಲಿ ಕಳೆದು ಬರುವವರಿಗೆ ಬಾಗಿಲು ತೆಗೆದ ಕೂಡಲೇ ಮನಸ್ಸು ಹಗುರವಾಗುವಂಥ ಒಂದು ಕೋಣೆ ಇರಬೇಕಾದದ್ದೇ.

ಆದರೆ ಆ ಚಿತ್ರಗಳು ಎಲ್ಲಿಯವು? ಯಾವ ಊರಿನ ಬೆಳಕಿನಲ್ಲಿ ತೆಗೆದವು? ಅಲ್ಲಿ ಇಪ್ಪತ್ತೈದು ಕಿಲೋ ಅಕ್ಕಿ ಚೀಲ ಎಲ್ಲಿಡುತ್ತಾರೆ, ಕುಡಿಯುವ ನೀರಿನ ಇಪ್ಪತ್ತು ಲೀಟರ್ ಕ್ಯಾನು ಎಲ್ಲಿ ನಿಲ್ಲುತ್ತದೆ, ಊರಿಂದ ಬಂದ ಅತ್ತೆ ಮಾವ ರಾತ್ರಿ ಎಲ್ಲಿ ಹಾಸಿಕೊಳ್ಳುತ್ತಾರೆ? ಚಿತ್ರ ಇದನ್ನು ಹೇಳುವುದಿಲ್ಲ. ಅದು ಸಿದ್ಧವಾದ ಫಲವನ್ನಷ್ಟೇ ತೋರಿಸುತ್ತದೆ; ಅದು ಹೇಗೆ ಬಂತು, ಯಾರ ಕೈಯಿಂದ ಬಂತು ಎಂಬುದನ್ನು ಬಿಟ್ಟುಬಿಡುತ್ತದೆ. ಮನೆಯ ಅಂದಕ್ಕೆ ಸ್ಫೂರ್ತಿ ಬೇಕಾದವರು ವಸ್ತು ಹುಟ್ಟುವ ಜಾಗಕ್ಕೆ, ಅದನ್ನು ಮಾಡುವವರ ಹತ್ತಿರಕ್ಕೆ ಹೋಗಿ ನೋಡಬೇಕು ಎಂಬುದು ನನ್ನ ಗಟ್ಟಿಯಾದ ನಂಬಿಕೆ. ನಮ್ಮ ಬೆಂಗಳೂರಿನ ಹೊರವಲಯದ ಪ್ರದೇಶಗಳಲ್ಲಿ ಇರುವವರಿಗೆ ಆ ಜಾಗಗಳು ದೂರವೇನೂ ಇಲ್ಲ.

ಪೀಣ್ಯದ ಪಕ್ಕದ ನಾಗಸಂದ್ರದಿಂದಲೇ ಶುರುಮಾಡೋಣ. ಸ್ವೀಡನ್ನಿನ ಐಕಿಯಾ ಕಂಪನಿ 2022ರ ಜೂನ್‌ನಲ್ಲಿ ಅಲ್ಲಿ ತನ್ನ ದೊಡ್ಡ ಮಳಿಗೆ ತೆರೆಯಿತು. ಮೆಟ್ರೋ ನಿಲ್ದಾಣದಿಂದ ಇಳಿದರೆ ಎದುರಿಗೇ ಇದೆ. ಎಲೆಕ್ಟ್ರಾನಿಕ್ ಸಿಟಿಯವರು ಕೂಡ ಈಗ ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು ಹಸಿರು ಮಾರ್ಗ ಹಿಡಿದರೆ ಅಲ್ಲಿಗೆ ತಲುಪಬಹುದು. ಭಾನುವಾರ ಹೋದರೆ ಜಾತ್ರೆಯಷ್ಟು ಜನ. ಏನೂ ಕೊಳ್ಳದೆ ಸುಮ್ಮನೆ ನೋಡಿ ಬರುವವರೂ ಬಹಳ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಅದು ಒಳ್ಳೆಯ ಪಾಠಶಾಲೆ. ಸಣ್ಣ ಮನೆಯ ಮಾದರಿಗಳನ್ನು ಕೋಣೆಕೋಣೆಯಾಗಿ ಅಲ್ಲಿ ಜೋಡಿಸಿಟ್ಟಿರುತ್ತಾರೆ. ಕುರ್ಚಿಯ ಮೇಲೆ ಕೂತು ನೋಡಬಹುದು, ಡ್ರಾಯರ್ ಎಳೆದು ನೋಡಬಹುದು, ಟೇಪು ಹಿಡಿದು ಅಳತೆ ಬರೆದುಕೊಳ್ಳಬಹುದು. ಹಾಸಿಗೆಗೂ ಬೀರುವಿಗೂ ನಡುವೆ ಎಷ್ಟು ಜಾಗ ಬಿಟ್ಟರೆ ಮನುಷ್ಯ ಮೈ ತಾಗದೆ ಓಡಾಡಬಹುದು ಎಂಬುದು ಫೋನಿನಲ್ಲಿ ತಿಳಿಯುವುದಿಲ್ಲ, ಅಲ್ಲಿ ನಡೆದಾಗ ತಿಳಿಯುತ್ತದೆ.

ಆದರೆ ಅಲ್ಲಿಗೆ ಹೋಗುವವರಿಗೆ ಒಂದು ಕಥೆ ಗೊತ್ತಿರಲಿ ಎಂದು ನನಗೆ ಆಸೆ. ಇವತ್ತು ನಾವು ಸ್ವೀಡಿಷ್ ಶೈಲಿ ಎಂದು ಕರೆಯುವುದರ ಬೇರು ಒಂದು ಹಳ್ಳಿ ಮನೆಯಲ್ಲಿದೆ. ಡಾಲಾರ್ನಾ ಪ್ರಾಂತ್ಯದ ಸುಂಡ್‌ಬಾರ್ನ್ ಎಂಬ ಹಳ್ಳಿಯಲ್ಲಿ ಕಾರಿನ್ ಲಾರ್ಸನ್ ಎಂಬಾಕೆಗೆ ಅವರ ತಂದೆ 1888ರಲ್ಲಿ ಒಂದು ಪುಟ್ಟ ಮರದ ಮನೆ ಕೊಟ್ಟರು. ಕಾರಿನ್ ಚಿತ್ರಕಲೆ ಕಲಿತವರು, ಗಂಡ ಕಾರ್ಲ್ ಲಾರ್ಸನ್ ಹೆಸರಾಂತ ಚಿತ್ರಕಾರ. ಮಕ್ಕಳು ಹುಟ್ಟಿದ ಮೇಲೆ ಕಾರಿನ್ ಕುಂಚ ಬಿಟ್ಟು ಮಗ್ಗ ಹಿಡಿದರು. ಮೇಜುಬಟ್ಟೆ, ಪರದೆ, ದಿಂಬಿನ ಚೀಲ ತಾವೇ ನೇಯ್ದರು. ಕುರ್ಚಿ, ಗಿಡದ ಸ್ಟ್ಯಾಂಡುಗಳ ನಕ್ಷೆ ತಾವು ಬರೆದು ಊರಿನ ಬಡಗಿಯ ಕೈಲಿ ಮಾಡಿಸಿದರು. ಊಟದ ಕೋಣೆಗೆ ಕೆಂಪು, ಹಸಿರು ಬಣ್ಣ. ಆ ಮನೆಯ ಒಳಗನ್ನು ಕಾರ್ಲ್ ಒಂದೊಂದಾಗಿ ಜಲವರ್ಣದಲ್ಲಿ ಬರೆದು 1899ರಲ್ಲಿ ಪುಸ್ತಕವಾಗಿ ತಂದರು. ಸ್ವೀಡನ್ನಿನ ಮನೆಗಳ ರುಚಿ ಬದಲಾದದ್ದರಲ್ಲಿ ಆ ಪುಸ್ತಕದ ಪಾಲು ದೊಡ್ಡದು. ಅಂದರೆ ಆ ದೇಶದ ಶೈಲಿ ಹುಟ್ಟಿದ್ದು ಒಬ್ಬ ಹೆಣ್ಣುಮಗಳು ತನ್ನ ಊರಿನ ಬಡಗಿಯನ್ನು, ತನ್ನ ಊರಿನ ನೇಯ್ಗೆಯನ್ನು ಗಮನವಿಟ್ಟು ನೋಡಿದ್ದರಿಂದ. ಅವರು ತಮ್ಮ ಹಳ್ಳಿಯನ್ನು ನೋಡಿ ಕಟ್ಟಿದ್ದನ್ನು ನಾವು ನಾಗಸಂದ್ರದಲ್ಲಿ ನಿಂತು ನೋಡುತ್ತೇವೆ. ನೋಡಬೇಕು. ನೋಡಿ, ಅವರು ಮಾಡಿದ ಕೆಲಸವನ್ನೇ ನಮ್ಮಲ್ಲಿ ಮಾಡಬೇಕು.

ಬಿಳಿ ಗೋಡೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಉತ್ತರ ಯೂರೋಪಿನಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಸೂರ್ಯ ಮಧ್ಯಾಹ್ನ ದಾಟುವ ಹೊತ್ತಿಗೇ ಮುಳುಗುತ್ತಾನೆ. ಅಲ್ಲಿನವರಿಗೆ ಇರುವಷ್ಟು ಬೆಳಕನ್ನು ಹಿಡಿದು ಮನೆಯೆಲ್ಲ ಹರಡಲು ಬಿಳುಪು ಬೇಕು. ನಮಗೆ ಫೆಬ್ರವರಿಯಿಂದ ಮೇವರೆಗೆ ಕಣ್ಣು ಕೋರೈಸುವ ಬಿಸಿಲು. ಪಶ್ಚಿಮಕ್ಕೆ ಗಾಜಿನ ಬಾಗಿಲಿರುವ ಹಾಲಿನಲ್ಲಿ ಹಾಲಿನಂಥ ಬಿಳಿ ಗೋಡೆ ಇದ್ದರೆ ಮಧ್ಯಾಹ್ನ ಮೂರರ ಮೇಲೆ ಅಲ್ಲಿ ಕೂರಲಾಗುವುದಿಲ್ಲ. ನಮ್ಮ ಬಿಸಿಲಿಗೆ ಮಣ್ಣಿನ ಬಣ್ಣಗಳು, ಸುಣ್ಣದ ಮಾಸಲು ಬಿಳುಪು, ಎಲೆಯ ಹಸಿರು ಹೊಂದುತ್ತವೆ.

ಬೆಳಕನ್ನು ಹೇಗೆ ಸೋಸಿ ಒಳಗೆ ಬಿಟ್ಟುಕೊಳ್ಳಬೇಕು ಎಂದು ಕಲಿಯಬೇಕಾದರೆ ವೈಟ್‌ಫೀಲ್ಡಿನವರು ತಮ್ಮ ಊರಿನ ಹಳೆಯ ಭಾಗಕ್ಕೇ ಹೋಗಬೇಕು. 1882ರಲ್ಲಿ ಮೈಸೂರು ಮಹಾರಾಜ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ನೆಲೆಗೆಂದು ಕೊಟ್ಟ ಜಾಗ ಅದು. ಆ ಸಮುದಾಯದ ಮುಂದಾಳು ಡಿ.ಎಸ್. ವೈಟ್ ಅವರ ಹೆಸರನ್ನೇ ಊರಿಗಿಟ್ಟರು. ನಡುವೆ ದುಂಡನೆಯ ಬಯಲು, ಅದರ ಸುತ್ತ ರಸ್ತೆ, ರಸ್ತೆಯ ಅಂಚಿಗೆ ತೋಟದ ನಡುವಿನ ಮನೆಗಳು. ಅದನ್ನು ಇಂದಿಗೂ ಇನ್ನರ್ ಸರ್ಕಲ್ ಎಂದೇ ಕರೆಯುತ್ತಾರೆ. ಹಳೆಯ ಮನೆಗಳು ಬೆರಳೆಣಿಕೆಯಷ್ಟು ಉಳಿದಿವೆ. ಇಳಿಜಾರು ಹೆಂಚಿನ ಮಾಡು, ಮುಂದೆ ವರಾಂಡ, ಕಿಟಕಿಯ ನೆತ್ತಿಗೆ ಮರದ ತೆಳು ಪಟ್ಟಿಗಳ ಚೂಪು ಮುಸುಕು. ಈ ಮುಸುಕಿಗೆ ಬೆಂಗಳೂರಿನವರು ಮಂಕಿ ಟಾಪ್ ಎನ್ನುತ್ತಾರೆ. ಕಂಟೋನ್ಮೆಂಟಿನ ಬಂಗಲೆಗಳಲ್ಲಿ, ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲೂ ಇದು ಕಾಣುತ್ತದೆ. ಅಲಂಕಾರದ ಹಾಗೆ ಕಂಡರೂ ಅದು ಮಾಡುವ ಕೆಲಸ ದೊಡ್ಡದು. ಬಿಸಿಲು ಕಿಟಕಿಗೆ ತಾಗುವ ಮೊದಲೇ ಅದನ್ನು ತಡೆಯುತ್ತದೆ, ಮಳೆಯ ಎರಚಲನ್ನು ತಡೆಯುತ್ತದೆ, ಪಟ್ಟಿಗಳ ಸಂದಿಯಿಂದ ಗಾಳಿಯನ್ನು ಮಾತ್ರ ಬಿಡುತ್ತದೆ.

ಹನ್ನೆರಡನೇ ಮಹಡಿಯಲ್ಲಿರುವವರು ಮಂಕಿ ಟಾಪ್ ಕಟ್ಟಲಾರರು, ನಿಜ. ಆದರೆ ಅದರ ಬುದ್ಧಿಯನ್ನು ತೆಗೆದುಕೊಳ್ಳಬಹುದು. ಬಿಸಿಲು ಗಾಜನ್ನು ದಾಟಿ ಒಳಗೆ ಬಂದ ಮೇಲೆ ಎಷ್ಟು ದಪ್ಪನೆಯ ಪರದೆ ಎಳೆದರೂ ಕಾವು ಒಳಗೇ ಉಳಿಯುತ್ತದೆ. ಗಾಜಿನ ಹೊರಗೆ, ಬಾಲ್ಕನಿಯ ಒಳಬದಿಯಲ್ಲಿ ಬಿದಿರಿನ ತೆರೆ ಇಳಿಬಿಟ್ಟರೆ ಕಾವು ಆಚೆಯೇ ನಿಲ್ಲುತ್ತದೆ. ಅದರ ಸಂದಿಯಿಂದ ಬೀಳುವ ಬೆಳಕಿನ ಗೆರೆಗಳು ನೆಲದ ಮೇಲೆ ಬಿದ್ದು ಹೊತ್ತು ಸರಿದಂತೆ ಸರಿಯುತ್ತವೆ. ಆ ಸೊಗಸನ್ನು ಯಾವ ವಾಲ್‌ಪೇಪರೂ ಕೊಡಲಾರದು. ಇಂಥ ತೆರೆಗಳನ್ನು ಶಿವಾಜಿನಗರದ ಹತ್ತಿರದ ಬ್ಯಾಂಬೂ ಬಜಾರಿನಲ್ಲಿ ಅಳತೆ ಕೊಟ್ಟು ಮಾಡಿಸಬಹುದು. ಸೀಳಿದ ಬಿದಿರಿನ ಕಡ್ಡಿಗಳು ಎಷ್ಟು ತೆಳುವಾಗಿರಬೇಕು, ದಾರ ಎಷ್ಟು ಹತ್ತಿರಕ್ಕೆ ಬರಬೇಕು ಎಂದು ಅಲ್ಲೇ ನಿಂತು ಹೇಳಬಹುದು.

ರಾತ್ರಿಯ ಬೆಳಕಿನ ಬಗ್ಗೆಯೂ ಒಂದು ಮಾತು, ಇದಕ್ಕೆ ಖರ್ಚು ಬಹಳ ಕಡಿಮೆ. ಬಾಡಿಗೆ ಮನೆಗಳಲ್ಲಿ ಹಾಕಿರುವ ಟ್ಯೂಬ್‌ಲೈಟು ಬಹುಪಾಲು 6500 ಕೆಲ್ವಿನ್ನಿನದು. ನೀಲಿ ಬೆರೆತ ಬಿಳುಪು, ಆಫೀಸಿನ ಬೆಳಕು. ಬಲ್ಬು ಕೊಳ್ಳುವಾಗ ಡಬ್ಬದ ಮೇಲೆ 2700 ಅಥವಾ 3000 ಕೆಲ್ವಿನ್ ಎಂದು ಬರೆದಿದೆಯೇ ನೋಡಿ. ಅದು ದೀಪದ ಹೊಂಬಣ್ಣಕ್ಕೆ ಹತ್ತಿರದ ಬೆಳಕು. ಅಡುಗೆಮನೆಗೆ, ಮಕ್ಕಳು ಓದುವ ಮೇಜಿಗೆ ಬಿಳಿ ಬೆಳಕು ಇರಲಿ. ಹಾಲಿನಲ್ಲಿ ಸಂಜೆ ಟ್ಯೂಬ್‌ಲೈಟ್ ಆರಿಸಿ, ಕಣ್ಣಿನ ಮಟ್ಟಕ್ಕಿಂತ ಕೆಳಗೆ ಎರಡು ಕಡೆ ಇಂಥ ದೀಪ ಹಚ್ಚಿದರೆ ಅದೇ ಗೋಡೆ, ಅದೇ ಹಳೆಯ ಸೋಫಾ ಬೇರೆಯಾಗಿ ಕಾಣುತ್ತವೆ. ಮನೆಯನ್ನು ಒಂದೇ ಸಂಜೆಯಲ್ಲಿ ಬದಲಿಸುವ ಉಪಾಯ ನನಗೆ ಗೊತ್ತಿರುವುದು ಇದೊಂದೇ.

ಈಗ ಪೀಣ್ಯ. ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲೊಂದು ಎಂದು ಹೆಸರಾದ ಜಾಗ. ಅಲ್ಲಿ ದುಡಿಯುವವರು ಕೂಡ ಮನೆಗೆ ಸ್ಟ್ಯಾಂಡು, ಮೇಜು ಬೇಕಾದರೆ ಆನ್‌ಲೈನಿನಲ್ಲಿ ತರಿಸುತ್ತಾರೆ. ಅದು ನನಗೆ ಸಂಕಟ ತರುವ ವಿಷಯ. ತಗಡು ಕತ್ತರಿಸುವ, ಬಾಗಿಸುವ, ಬೆಸೆಯುವ, ಬಣ್ಣ ಸುಡುವ ಸಾವಿರಾರು ಕೈಗಳು ಅಲ್ಲಿವೆ. ಒಂದು ಪುಸ್ತಕದ ಕಪಾಟು ಅಲ್ಲಿ ಹೇಗೆ ಹುಟ್ಟುತ್ತದೆ ನೋಡಿ. ಒಂದಿಂಚಿನ ಚೌಕ ಕೊಳವೆಯನ್ನು ಅಳತೆಗೆ ಕತ್ತರಿಸುತ್ತಾರೆ. ಮೂಲೆಗಳನ್ನು ವೆಲ್ಡಿಂಗ್ ಮಾಡಿ, ಉಬ್ಬಿದ ಬೆಸುಗೆಯನ್ನು ಗ್ರೈಂಡರಿನಿಂದ ಉಜ್ಜಿ ನುಣ್ಣಗೆ ಮಾಡುತ್ತಾರೆ. ಒಳ್ಳೆಯ ಕೆಲಸಗಾರ ಯಾರೆಂದು ತಿಳಿಯುವುದು ಈ ಮೂಲೆಗಳಲ್ಲೇ; ಬೆರಳಾಡಿಸಿದರೆ ಬೆಸೆದ ಜಾಗ ಎಲ್ಲಿತ್ತೆಂದು ಗೊತ್ತಾಗಬಾರದು. ಆಮೇಲೆ ಎಣ್ಣೆ, ತುಕ್ಕು ಹೋಗುವಂತೆ ತೊಳೆದು ಒಣಗಿಸಿ ಪೌಡರ್ ಕೋಟಿಂಗಿಗೆ ಕಳಿಸುತ್ತಾರೆ. ಅಲ್ಲಿ ಬಣ್ಣ ಪುಡಿಯ ರೂಪದಲ್ಲಿರುತ್ತದೆ. ವಿದ್ಯುತ್ ಆವೇಶ ಕೊಟ್ಟ ಪುಡಿಯನ್ನು ಗನ್ನಿನಿಂದ ಎರಚಿದರೆ ಅದು ಲೋಹಕ್ಕೆ ತಾನಾಗಿ ಅಂಟಿಕೊಳ್ಳುತ್ತದೆ, ಕೊಳವೆಯ ಹಿಂಬದಿಗೂ ಸುತ್ತಿಕೊಂಡು ಹೋಗುತ್ತದೆ. ನಂತರ 180ರಿಂದ 200 ಡಿಗ್ರಿ ಸೆಲ್ಸಿಯಸ್ ಕಾವಿನ ಒಲೆಯಲ್ಲಿ ಸುಟ್ಟಾಗ ಪುಡಿ ಕರಗಿ ಒಂದೇ ಹೊದಿಕೆಯಾಗುತ್ತದೆ. ಕುಂಚದಿಂದ ಬಳಿದ ಪೇಂಟಿಗಿಂತ ಇದು ಎಷ್ಟೋ ಗಟ್ಟಿ.

ಬಣ್ಣ ಆರಿಸುವುದಕ್ಕೆ ರಾಲ್ ಎಂಬ ಜರ್ಮನಿಯ ಪಟ್ಟಿ ಇದೆ, 1927ರಲ್ಲಿ ಶುರುವಾದದ್ದು. ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಅದರ ಕಾರ್ಡು ನೇತಾಡುತ್ತಿರುತ್ತದೆ. ನಮ್ಮವರು ಕಪ್ಪು, ಬೂದು ಬಿಟ್ಟು ಬೇರೆ ಕೇಳುವುದು ಅಪರೂಪ. ಪಟ್ಟಿಯಲ್ಲಿ 3009 ಎಂಬ ಅಂಕಿ ಹುಡುಕಿ. ಅದರ ಹೆಸರೇ ಆಕ್ಸೈಡ್ ಕೆಂಪು, ನಮ್ಮ ಹಳೆಯ ಮನೆಗಳ ಕೆಂಪು ಗಾರೆ ನೆಲಕ್ಕೆ ಹತ್ತಿರದ ಬಣ್ಣ. ಆ ಬಣ್ಣದ ಕಬ್ಬಿಣದ ಚೌಕಟ್ಟು, ಅದರ ಮೇಲೆ ಬೂದು ಕಲ್ಲಿನ ಹಲಗೆ ಇರುವ ಒಂದು ಬೆಂಚನ್ನು ಊಹಿಸಿಕೊಳ್ಳಿ. ಸಾದರಹಳ್ಳಿ ಕಲ್ಲು ಎಂದು ನಾವು ಕರೆಯುವ ಬೂದು ಗ್ರಾನೈಟು ದೇವನಹಳ್ಳಿಯ ಕಡೆಯದು. ಬೆಂಗಳೂರಿನ ಮನೆಗಳ ಮೆಟ್ಟಿಲು, ಕಾಂಪೌಂಡಿನ ಚಪ್ಪಡಿ, ತೋಟದ ಬೇಲಿಯ ಕೂಚಗಳಲ್ಲಿ ಕಾಣುವ ಕಲ್ಲು ಇಂಥದ್ದೇ. ಕಬ್ಬಿಣ ಪೀಣ್ಯದ್ದು, ಕಲ್ಲು ದೇವನಹಳ್ಳಿಯದು, ಬಣ್ಣ ಅಜ್ಜಿಯ ಮನೆಯ ನೆಲದ್ದು. ಇಂಥ ಬೆಂಚು ಇನ್ನೊಂದು ಊರಿನ ಮನೆಯಲ್ಲಿ ಸಿಕ್ಕುವುದಿಲ್ಲ. ಒಂದೇ ವಸ್ತುವಿಗಾಗಿ ಯಾರೂ ಪುಡಿ ಎರಚುವ ಬೂತಿನ ಬಣ್ಣ ಬದಲಿಸುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಿ. ಬಣ್ಣ ಬದಲಿಸಬೇಕಾದರೆ ಇಡೀ ಬೂತು, ಗನ್ನು ಶುಚಿಮಾಡಬೇಕು. ನಿಮಗೆ ಬೇಕಾದ ಬಣ್ಣ ಓಡುವ ದಿನದವರೆಗೆ ಕಾಯುತ್ತೇನೆ ಎಂದು ಹೇಳಿದರೆ ಕೆಲಸ ಸುಲಭ, ಖರ್ಚೂ ಇಳಿಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರುಗಳಿಗೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದು ನಿತ್ಯದ ಕೆಲಸ. ಅದೇ ನಕ್ಷೆಯನ್ನು ಲೇಸರ್ ಕಟಿಂಗಿನವರಿಗೆ ಕೊಟ್ಟರೆ ಕಿಟಕಿಯ ಜಾಲಿ ಅವರ ರೇಖೆಯಲ್ಲೇ ಮೂಡುತ್ತದೆ. ಅಂಗಡಿಯಲ್ಲಿ ಸಿಗುವ ಎಲೆಬಳ್ಳಿಯ ಜಾಲಿಯನ್ನೇ ಎಲ್ಲರೂ ಯಾಕೆ ಹಾಕಿಕೊಳ್ಳಬೇಕು?

ಕೆಂಪು ಗಾರೆ ನೆಲದ ಮಾತು ಬಂತು. ಸ್ವಂತ ಮನೆ ಕಟ್ಟುತ್ತಿರುವವರು ವಿಟ್ರಿಫೈಡ್ ಟೈಲಿಗೆ ಕೈ ಹಾಕುವ ಮೊದಲು ಒಂದು ಕೋಣೆಗಾದರೂ ಇದನ್ನು ಯೋಚಿಸಲಿ. ಹಸಿ ಗಾರೆಯ ಮೇಲೆ ಸಿಮೆಂಟು, ಐರನ್ ಆಕ್ಸೈಡ್ ಪುಡಿಯ ತೆಳು ಪದರ ಹಾಕಿ, ಕರಣೆಯಿಂದ ತಿಕ್ಕಿ ತಿಕ್ಕಿ ಹೊಳಪು ತರಿಸುತ್ತಾರೆ. ಗಾರೆ ಆರುವುದರೊಳಗೆ ಇಡೀ ಕೋಣೆ ಮುಗಿಯಬೇಕು, ಮೇಸ್ತ್ರಿ ನಡುವೆ ಎದ್ದು ಹೋಗುವಂತಿಲ್ಲ. ಆಮೇಲೆ ಹಲವು ದಿನ ನೀರು ನಿಲ್ಲಿಸಿ ಹದಮಾಡಿ, ಕೊನೆಗೆ ಮೇಣ ಉಜ್ಜುತ್ತಾರೆ. ಬರಿಗಾಲಿಗೆ ಅದರಷ್ಟು ಹಿತವಾದ ನೆಲ ಇನ್ನೊಂದಿಲ್ಲ. ವರ್ಷ ಕಳೆದಂತೆ ಅದರ ಹೊಳಪು ಹೆಚ್ಚುತ್ತದೆ. ಕೂದಲೆಳೆಯಂಥ ಬಿರುಕುಗಳೂ ಮೂಡುತ್ತವೆ, ಅವನ್ನು ಒಪ್ಪಿಕೊಳ್ಳುವವರು ಮಾತ್ರ ಹಾಕಿಸಬೇಕು. ಈ ಕೆಲಸ ಬಲ್ಲ ಮೇಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಸಿಕ್ಕಿದರೆ ಅವರು ಮೊದಲು ಮಾಡಿದ ನೆಲವನ್ನು ನೋಡಿಯೇ ಕೆಲಸ ಒಪ್ಪಿಸಿ. ಕಲಬುರಗಿ ಕಡೆಯಿಂದ ಬಂದವರಿಗೆ ಶಹಾಬಾದ್ ಕಲ್ಲು ಗೊತ್ತೇ ಇದೆ. ಬಡವರ ಮನೆಯ ಫರಸಿ ಎಂದು ಅದನ್ನು ಬಿಟ್ಟುಬಂದವರು ಇಲ್ಲಿ ಕಲ್ಲಿನ ಚಿತ್ರ ಅಚ್ಚು ಹಾಕಿದ ಟೈಲು ಕೊಳ್ಳುತ್ತಿದ್ದಾರೆ. ನಿಜವಾದ ಕಲ್ಲೇ ಇರುವಾಗ ಅದರ ಚಿತ್ರ ಯಾಕೆ?

ಆದರೆ ನೆಲದ ಈ ಮಾತೆಲ್ಲ ಸ್ವಂತ ಮನೆಯವರಿಗೆ. ನಮ್ಮ ಹೊರವಲಯದಲ್ಲಿ ಬಾಡಿಗೆಗೆ ಇರುವವರ ಸಂಖ್ಯೆ ಬಹಳ ದೊಡ್ಡದು. ಗೋಡೆಗೆ ಮೊಳೆ ಹೊಡೆಯಬಾರದು ಎಂಬುದು ಮನೆ ತೋರಿಸುವಾಗಲೇ ಕೇಳಿಬರುವ ಷರತ್ತು. ಖಾಲಿ ಮಾಡುವಾಗ ಪೇಂಟಿಂಗಿಗೆಂದು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತಾರೆ. ಹೀಗಾಗಿ ಎಷ್ಟೋ ಜನ ಐದಾರು ವರ್ಷ ಬರಿಗೋಡೆಯ ನಡುವೆಯೇ ಕಳೆದುಬಿಡುತ್ತಾರೆ. ನಮ್ಮ ಮನೆ ಆದಾಗ ಎಲ್ಲ ಮಾಡೋಣ ಎಂದು ಅಂದವನ್ನು ಮುಂದಕ್ಕೆ ಹಾಕುತ್ತಾರೆ. ಬದುಕು ನಡೆಯುತ್ತಿರುವುದು ಈ ಬಾಡಿಗೆ ಮನೆಯಲ್ಲೇ ಅಲ್ಲವೇ? ಮಗು ಅಂಬೆಗಾಲಿಡುವುದು ಈ ನೆಲದ ಮೇಲೇ ಅಲ್ಲವೇ?

ಹಳೆಯ ಮನೆಗಳಲ್ಲಿ ಬಾಗಿಲಿನ ಮೇಲ್ಮಟ್ಟದಲ್ಲಿ ಉದ್ದಕ್ಕೆ ಮರದ ಪಟ್ಟಿ ಹೊಡೆದು, ರವಿವರ್ಮನ ಅಚ್ಚಿನ ದೇವರ ಪಟಗಳನ್ನು, ಹಿರಿಯರ ಫೋಟೋಗಳನ್ನು ಸಾಲಾಗಿ, ಸ್ವಲ್ಪ ಮುಂದಕ್ಕೆ ಬಾಗಿಸಿ ತೂಗುಹಾಕುತ್ತಿದ್ದರು. ಮನೆ ಮಾಲೀಕರನ್ನು ಕೇಳಿ ಅಂಥ ಒಂದೇ ಒಂದು ಪಟ್ಟಿ ಹಾಕಿಸಿಕೊಳ್ಳಿ. ಮೂರು ನಾಲ್ಕು ಸ್ಕ್ರೂ ಅಷ್ಟೇ. ಆಮೇಲೆ ಎಷ್ಟು ಚಿತ್ರ ಬೇಕಾದರೂ ಅದರಿಂದ ಇಳಿಬಿಡಬಹುದು, ಬದಲಿಸಬಹುದು, ಗೋಡೆಗೆ ಏನೂ ಆಗುವುದಿಲ್ಲ.

ಇನ್ನೊಂದು, ಬೀರುವಿನ ಹಿಡಿಗಳು. ಮಾಲೀಕರು ಕೊಟ್ಟ ವಾರ್ಡ್‌ರೋಬಿನ ಲ್ಯಾಮಿನೇಟ್ ಬದಲಿಸಲಾಗುವುದಿಲ್ಲ, ಅದರ ಸ್ಟೀಲ್ ಹಿಡಿಗಳನ್ನು ಬದಲಿಸಬಹುದು. ಇದಕ್ಕಾಗಿ ಚನ್ನಪಟ್ಟಣಕ್ಕೆ ಹೋಗಿಬನ್ನಿ. ಮೈಸೂರು ರಸ್ತೆಯಲ್ಲಿ ಸುಮಾರು ಅರವತ್ತು ಕಿಲೋಮೀಟರ್. ಅಲ್ಲಿನ ಕೆಲಸಗಾರರು ಬೊಂಬೆಗಳ ಜೊತೆಗೆ ಡ್ರಾಯರಿನ ಗುಬ್ಬಿ, ಪರದೆಯ ಮಣಿ, ದೀಪದ ಬುಡವನ್ನೂ ಮಾಡುತ್ತಾರೆ. ಪೀಣ್ಯದವರಿಗೆ ಲೇತ್ ಹೊಸದಲ್ಲ, ಆದರೆ ಇಲ್ಲಿ ತಿರುಗುವುದು ಹಾಲೆ ಮರದ ತುಂಡು. ಉಳಿಯಿಂದ ಆಕಾರ ಬಂದ ಮೇಲೆ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಆಮೇಲೆ ಒಣಗಿದ ಗರಿಯೊಂದನ್ನು ಅದರ ಮೇಲೆ ಆಡಿಸಿದರೆ, ನೋಡನೋಡುತ್ತಿದ್ದಂತೆ ಮಂಕಾಗಿದ್ದ ಬಣ್ಣ ಕನ್ನಡಿಯಂತೆ ಹೊಳೆಯುತ್ತದೆ. ಹಳದಿ, ಸಿಂಧೂರ ಕೆಂಪು, ಗಿಳಿಹಸಿರು, ಯಾವುದು ಬೇಕೋ ನಿಂತು ಹೇಳಿ ಮಾಡಿಸಿಕೊಳ್ಳಬಹುದು. ಹಳೆಯ ಹಿಡಿಗಳನ್ನು ಸ್ಕ್ರೂ ಸಮೇತ ಒಂದು ಡಬ್ಬಿಯಲ್ಲಿ ಎತ್ತಿಡಿ. ಮನೆ ಬಿಡುವಾಗ ಅವನ್ನು ವಾಪಸು ಹಾಕಿ, ಚನ್ನಪಟ್ಟಣದ ಗುಬ್ಬಿಗಳನ್ನು ಮುಂದಿನ ಮನೆಗೆ ಒಯ್ಯಿರಿ.

ಬಟ್ಟೆಯ ವಿಷಯದಲ್ಲಂತೂ ನಾವು ನಿಜಕ್ಕೂ ಶ್ರೀಮಂತರು. ಪೀಣ್ಯ, ದಾಸರಹಳ್ಳಿಯಲ್ಲಿ ಉತ್ತರ ಕರ್ನಾಟಕದ ಎಷ್ಟೋ ಕುಟುಂಬಗಳಿವೆ. ಅವರ ಟ್ರಂಕಿನೊಳಗೆ ತಾಯಿಯೋ ಅಜ್ಜಿಯೋ ಹೊಲಿದ ಕೌದಿ ಇರುತ್ತದೆ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರಪದರವಾಗಿ ಜೋಡಿಸಿ, ಅಂಚಿನಿಂದ ಒಳಗೊಳಗೆ ಸಣ್ಣ ಹೊಲಿಗೆ ಹಾಕುತ್ತಾ ಹೋದ ಹೊದಿಕೆ. ಇಳಕಲ್ ಸೀರೆಯ ಕೆಂಪು ಸೆರಗು ಅದರ ನಡುವೆ ಎಲ್ಲೋ ಕಾಣುತ್ತದೆ. ನೆಂಟರು ಬಂದಾಗ ಅದನ್ನು ಮುಚ್ಚಿಡುತ್ತಾರೆ, ಅಂಗಡಿಯ ಪಾಲಿಯೆಸ್ಟರ್ ಹೊದಿಕೆ ಹಾಸುತ್ತಾರೆ. ನಾನು ಕೈಮುಗಿದು ಕೇಳುತ್ತೇನೆ, ಆ ಕೌದಿಯನ್ನು ಹೊರಗೆ ತೆಗೆಯಿರಿ. ಮೇಲಂಚಿಗೆ ಒಂದು ಬಟ್ಟೆಯ ನಳಿಗೆ ಹೊಲಿದು, ಅದರಲ್ಲಿ ಕೋಲು ತೂರಿಸಿ, ಹಾಲಿನ ಅತಿ ದೊಡ್ಡ ಗೋಡೆಗೆ ತೂಗುಹಾಕಿ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಗಳು ಈಗ ಕಲಾವಸ್ತುಗಳಾಗಿ ಪ್ರದರ್ಶನಗಳಲ್ಲಿ ಕಾಣಿಸುತ್ತಿವೆ. ಅವುಗಳ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂ ಕೂರಿಸದೆ ಅವರು ಕೌದಿ ಮುಗಿಸುವುದಿಲ್ಲ. ನಿಮ್ಮ ಮನೆಯ ಟ್ರಂಕಿನಲ್ಲಿರುವುದು ಅದಕ್ಕಿಂತ ಕಡಿಮೆಯದ್ದಲ್ಲ.

ನೆಲಕ್ಕೆ ಹಾಸಲು ನವಲಗುಂದದ ಜಮಖಾನ ಇದೆ. ಧಾರವಾಡ ಜಿಲ್ಲೆಯ ಆ ಊರಿನ ಮುಸ್ಲಿಂ ಹೆಣ್ಣುಮಕ್ಕಳು ಲಂಬ ಮಗ್ಗದಲ್ಲಿ ಹತ್ತಿಯ ನೂಲಿನಿಂದ ನೇಯುವ ಹಾಸು. ನವಿಲು, ಪಗಡೆ ಹಾಸಿನ ಚೌಕ ಅದರ ಹೆಸರಾಂತ ವಿನ್ಯಾಸಗಳು. ಇದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಮಾನ್ಯತೆ ಸಿಕ್ಕಿದರೂ ನೇಯುವ ಕೈಗಳು ಕಡಿಮೆಯಾಗುತ್ತಿವೆ. ಕೊಳ್ಳುವವರಿದ್ದರೆ ಮಾತ್ರ ನೇಯುವವರ ಮಗಳು ಮಗ್ಗದ ಮುಂದೆ ಕೂರುತ್ತಾಳೆ. ಗೋಡೆಯ ಚಿತ್ರಕ್ಕಾದರೆ ಮಲೆನಾಡಿನ ಹಸೆ ಚಿತ್ತಾರ. ಸಾಗರ, ಸೊರಬದ ಕಡೆಯ ದೀವರು ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ, ಅಕ್ಕಿ ಹಿಟ್ಟಿನ ಬಿಳುಪಿನಲ್ಲಿ ಎಳೆಯುವ ಗೆರೆಗಳು. ಸ್ಕೇಲಿಲ್ಲದೆ ಎಳೆದ ಆ ಸಮಾನಾಂತರ ರೇಖೆಗಳನ್ನು ಹತ್ತಿರದಿಂದ ನೋಡಿದವರು ಬೆರಗಾಗುತ್ತಾರೆ. ಈಗ ಅದನ್ನು ಬಟ್ಟೆ, ಹಲಗೆಯ ಮೇಲೂ ಬರೆಯುತ್ತಾರೆ. ಆದ್ದರಿಂದ ಬಾಡಿಗೆ ಗೋಡೆಯ ಚಿಂತೆ ಇಲ್ಲ.

ಹಳೆಯ ಮನೆಗಳ ಒಳಾಂಗಣವನ್ನು ಇಡಿಯಾಗಿ ನೋಡಬೇಕೆಂದರೆ ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮಕ್ಕೆ ಹೋಗಬೇಕು. ಕೆಡವಲು ಹೊರಟ ಮನೆಗಳನ್ನು ವಿಜಯನಾಥ ಶೆಣೈ ಅವರು ತೊಲೆತೊಲೆಯಾಗಿ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಅಷ್ಟು ದೂರ ಹೋಗಲಾಗದವರಿಗೆ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಚನ್ನಪಟ್ಟಣದ ದಾರಿಯಲ್ಲೇ ಸಿಗುತ್ತದೆ.

ಅಂದದ ಜೊತೆಗೆ ಬಾಳಿಕೆಯ ಮಾತನ್ನೂ ಆಡಲೇಬೇಕು, ಇದರಲ್ಲಿ ನಮ್ಮವರು ಬಹಳ ಹಣ ಕಳೆದುಕೊಳ್ಳುತ್ತಿದ್ದಾರೆ. ಹೊರವಲಯದಲ್ಲಿ ನಮಗೆ ಬರುವುದು ಬಹುಪಾಲು ಬೋರ್‌ವೆಲ್ಲಿನ, ಟ್ಯಾಂಕರಿನ ಗಡಸು ನೀರು. ಚಿತ್ರದಲ್ಲಿ ಕಂಡ ಕಪ್ಪು ನಲ್ಲಿ, ಕಪ್ಪು ಸಿಂಕು, ಸ್ನಾನದ ಮನೆಯ ಗಾಜಿನ ಗೋಡೆ ಇಲ್ಲಿ ಕೆಲವೇ ತಿಂಗಳಲ್ಲಿ ಬಿಳಿ ಸುಣ್ಣದ ಕಲೆ ಹಿಡಿದು ಕೂರುತ್ತವೆ. ಬ್ರಷ್ ಮಾಡಿದ ಸ್ಟೀಲು, ಮಾಸಲು ಬಣ್ಣದ ಟೈಲು ಆ ಕಲೆಯನ್ನು ಅಷ್ಟಾಗಿ ತೋರಿಸುವುದಿಲ್ಲ. ಸುತ್ತಲೂ ಕಟ್ಟಡದ ಕೆಲಸ ನಡೆಯುವ ಕಡೆ ತೆರೆದ ಶೆಲ್ಫುಗಳು ದಿನವೂ ಧೂಳು ತಿನ್ನುತ್ತವೆ, ಅಂಥಲ್ಲಿ ಗಾಜಿನ ಬಾಗಿಲಿರಲಿ.

ಅಡುಗೆಮನೆ ಮಾಡಿಸುವಾಗ ಪ್ಲೈವುಡ್ಡಿನ ಹಲಗೆಯ ಮೇಲೆ ಅಚ್ಚಾಗಿರುವುದನ್ನು ಓದಿ. ಐಎಸ್ 710 ಎಂದರೆ ನೀರನ್ನು ತಾಳುವ ಮರೀನ್ ಪ್ಲೈವುಡ್, ಸಿಂಕಿನ ಕೆಳಗೆ ಅದೇ ಬೇಕು. ಐಎಸ್ 303 ಸಾಮಾನ್ಯ ಬಳಕೆಗೆ, ಒಣಗಿರುವ ಕಡೆಗೆ ಸಾಕು. ಐಎಸ್‌ಐ ಗುರುತಿನ ಜೊತೆಗೆ ಲೈಸೆನ್ಸ್ ಸಂಖ್ಯೆ ಇರುತ್ತದೆ. ಅದನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಅಸಲಿಯೋ ಅಲ್ಲವೋ ತಿಳಿಯುತ್ತದೆ. ಆ ಬ್ಯೂರೋದ ಬೆಂಗಳೂರು ಕಚೇರಿ ಇರುವುದೂ ಪೀಣ್ಯದಲ್ಲೇ. ಅಡುಗೆ ಕಟ್ಟೆಯ ಎತ್ತರವನ್ನು ಅದನ್ನು ಮಾಡುವ ಕಂಪನಿಯವರ ಪಟ್ಟಿಗೆ ಬಿಡಬೇಡಿ. ಮನೆಯಲ್ಲಿ ಹೆಚ್ಚು ಹೊತ್ತು ಅಡುಗೆ ಮಾಡುವವರು ನಿಂತು ಮೊಣಕೈ ಮಡಿಸಲಿ. ಕಟ್ಟೆ ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗಿರಲಿ. ಅಕ್ಕಿಯ ಡಬ್ಬ, ಸಿಲಿಂಡರು, ಉಪ್ಪಿನಕಾಯಿ ಜಾಡಿ, ಹಬ್ಬಕ್ಕೆ ಮಾತ್ರ ಇಳಿಸುವ ದೊಡ್ಡ ಪಾತ್ರೆ, ಇವುಗಳ ಜಾಗ ಮೊದಲು ಗುರುತಿಸಿ. ಉಳಿದ ವಿನ್ಯಾಸ ಆಮೇಲೆ.

ಕೊನೆಯದಾಗಿ, ಒಂದು ಚಿತ್ರ ಕೊಳ್ಳಿ. ಮುದ್ರಿತ ಪೋಸ್ಟರ್ ಬೇಡ, ಒಬ್ಬರು ಕೈಯಾರೆ ಬರೆದ ಚಿತ್ರ. ಅದು ಸಿರಿವಂತರ ಹವ್ಯಾಸ ಎಂಬ ಅಂಜಿಕೆಯನ್ನು ಬೆಂಗಳೂರಿನಲ್ಲಿ ಚಿತ್ರಸಂತೆ ಹೋಗಲಾಡಿಸಿದೆ. ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಸಂತೆ ಇದು. ಜನವರಿಯ ಮೊದಲ ಭಾನುವಾರಗಳಲ್ಲೊಂದು ದಿನ ಕುಮಾರಕೃಪಾ ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲಿಸುತ್ತಾರೆ, ಇಕ್ಕೆಲಗಳಲ್ಲೂ ದೇಶದ ನಾನಾ ಕಡೆಯ ಚಿತ್ರಕಾರರು ಕೂರುತ್ತಾರೆ. ಕೆಲವು ನೂರು ರೂಪಾಯಿಯಿಂದ ಲಕ್ಷದವರೆಗಿನ ಚಿತ್ರಗಳಿರುತ್ತವೆ. ವೈಟ್‌ಫೀಲ್ಡಿನವರು ನೇರಳೆ ಮಾರ್ಗದಲ್ಲಿ, ಪೀಣ್ಯದವರು ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ ಕಡೆಗೆ ಬಂದರೆ ಅಲ್ಲಿಂದ ದೂರವಿಲ್ಲ. ಬೆಳಗ್ಗೆ ಬೇಗ ಹೋಗಿ. ಹತ್ತರ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಒಂದು ಸುತ್ತು ಸುಮ್ಮನೆ ನೋಡಿ, ಎರಡನೆಯ ಸುತ್ತಿನಲ್ಲಿ ನಿಮ್ಮನ್ನು ನಿಲ್ಲಿಸಿದ ಚಿತ್ರದ ಮುಂದೆ ಕೂತಿರುವವರನ್ನು ಮಾತಾಡಿಸಿ. ಎಲ್ಲಿ ಬರೆದಿರಿ, ಈ ಬಣ್ಣ ಹೇಗೆ ಬಂತು ಎಂದು ಕೇಳಿ. ಮಕ್ಕಳನ್ನು ಕರೆದುಕೊಂಡು ಹೋಗಿ, ಆರಿಸುವುದನ್ನು ಅವರಿಗೇ ಬಿಡಿ. ಮನೆಗೆ ತಂದ ಮೇಲೆ ಅದನ್ನು ಟಿವಿಯ ಮೇಲೆ ಹಾಕಬೇಡಿ. ಊಟಕ್ಕೆ ಕೂರುವ ಜಾಗದ ಎದುರಿಗೆ, ಕೂತವರ ಕಣ್ಣಿನ ಮಟ್ಟಕ್ಕೆ ಹಾಕಿ.